ಗೆಳೆಯನ ಕೈಗೆ ಕಂಟ್ರೋಲ್ ಕೊಡುವ ಮುಂಚೆ: ಪೈಲಟ್ ತಿಳಿದಿರಬೇಕಾದ ನಿಯಮ ಮತ್ತು ಕ್ರಮ

ಪೈಲಟ್ ಲೈಸೆನ್ಸ್ ಸಿಕ್ಕ ಹೊಸದರಲ್ಲಿ ಬಹಳ ಜನ ಕೇಳುವ ಪ್ರಶ್ನೆ ಇದು. "ಗೆಳೆಯನನ್ನು ಕೂರಿಸಿಕೊಂಡು ಹಾರ್ತಿದ್ದೀನಿ. ಮೇಲೆ ಹೋದ್ಮೇಲೆ ಅವನ ಕೈಗೆ ಐದು ನಿಮಿಷ ಕಂಟ್ರೋಲ್ ಕೊಡಬಹುದಾ? ಏನಾದ್ರೂ ಎಡವಟ್ಟಾದ್ರೆ ಯಾರ ತಲೆಗೆ ಬರುತ್ತೆ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಇಡುತ್ತಿದ್ದೇನೆ.

ಎರಡನೇ ಪ್ರಶ್ನೆಗೆ ಉತ್ತರ ಚಿಕ್ಕದು. ನಿಮ್ಮ ತಲೆಗೇ ಬರುತ್ತದೆ, ಪೂರ್ತಿಯಾಗಿ. ಮೊದಲನೆಯದಕ್ಕೆ ಉತ್ತರ ಮಾತ್ರ ನೀವು ಯಾವ ದೇಶದಲ್ಲಿ ಹಾರುತ್ತೀರಿ, ಯಾವ ವಿಮಾನ, ಎಂಥ ಗೆಳೆಯ, ಆ ದಿನ ಗಾಳಿ ಹೇಗಿದೆ ಎನ್ನುವುದರ ಮೇಲೆ ನಿಂತಿದೆ. ಅದನ್ನೇ ಹಂತ ಹಂತವಾಗಿ ನೋಡೋಣ.

ಈ ಲೇಖನ ಎರಡು ಅಥವಾ ನಾಲ್ಕು ಸೀಟಿನ ಸಣ್ಣ ಖಾಸಗಿ ವಿಮಾನ ಹಾರಿಸುವವರಿಗೆ. ಏರ್‌ಲೈನ್ ಅಥವಾ ಬಾಡಿಗೆ ಹಾರಾಟದ ಪೈಲಟ್ ಆಗಿದ್ದರೆ ಇಲ್ಲೇ ನಿಲ್ಲಿಸಿ. ಅಂಥ ಹಾರಾಟದಲ್ಲಿ ಪ್ರಯಾಣಿಕರ ಕೈಗೆ ಕಂಟ್ರೋಲ್ ಕೊಡುವ ಹಾಗೇ ಇಲ್ಲ. ಅಮೆರಿಕದ ನಿಯಮಗಳಲ್ಲಿ 121.545 ಮತ್ತು 135.115 ಇದನ್ನು ನೇರವಾಗಿಯೇ ಹೇಳುತ್ತವೆ.

ಹಂತ 1: ನಿಮ್ಮ ದೇಶದ ನಿಯಮ ಏನು ಹೇಳುತ್ತದೆ ನೋಡಿ

ಮೊದಲು ಒಂದು ಪದ. ಪೈಲಟ್ ಇನ್ ಕಮಾಂಡ್, ಚಿಕ್ಕದಾಗಿ ಪಿಐಸಿ. ಆ ಹಾರಾಟದ ಯಜಮಾನ ಅಂತ ಇಟ್ಟುಕೊಳ್ಳಿ. ವಿಮಾನದಲ್ಲಿ ಹತ್ತು ಪೈಲಟ್‌ಗಳು ಕೂತಿದ್ದರೂ ಒಂದು ಹೊತ್ತಿಗೆ ಪಿಐಸಿ ಒಬ್ಬರೇ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ತನ್ನ ಅನೆಕ್ಸ್ 2ರಲ್ಲಿ ಆಕಾಶದ ಸಂಚಾರ ನಿಯಮಗಳನ್ನು ಕೊಟ್ಟಿದೆ. ಅದರ 2.3.1ರ ತಿರುಳು ಇಷ್ಟು: ಕಂಟ್ರೋಲ್ ತನ್ನ ಕೈಯಲ್ಲಿರಲಿ, ಇಲ್ಲದಿರಲಿ, ನಿಯಮದ ಪ್ರಕಾರ ವಿಮಾನ ನಡೆಸುವ ಹೊಣೆ ಪಿಐಸಿಯದ್ದೇ. "ಕೈಯಲ್ಲಿ ಇಲ್ಲದಿರಲಿ" ಅನ್ನುವ ಆ ಭಾಗವನ್ನು ಎರಡು ಸಲ ಓದಿ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಯುರೋಪಿನ ನಿಯಮ ಸೆರಾ 2010 (ಇದು ನಿಯಮದ ಸಂಖ್ಯೆ, ವರ್ಷವಲ್ಲ) ಇದೇ ಮಾತನ್ನು ಹಾಗೇ ಎತ್ತಿಕೊಂಡಿದೆ. ಅಮೆರಿಕದ 91.3 ಕೂಡ ಪಿಐಸಿಯೇ ನೇರ ಹೊಣೆಗಾರ, ಕೊನೆಯ ಮಾತು ಅವರದ್ದೇ ಎನ್ನುತ್ತದೆ.

ಹೊಣೆಯ ವಿಷಯ ಎಲ್ಲ ಕಡೆ ಒಂದೇ. ಮುಟ್ಟಬಹುದಾ ಅನ್ನುವ ವಿಷಯ ಹಾಗಲ್ಲ. ಅಮೆರಿಕದಲ್ಲಿ ಖಾಸಗಿ ಹಾರಾಟದಲ್ಲಿ ಗೆಳೆಯ ಕಂಟ್ರೋಲ್ ಮುಟ್ಟಬಾರದು ಎನ್ನುವ ನೇರ ನಿಯಮ ಇಲ್ಲ. ಆದರೆ ಅಲ್ಲಿ 91.13 ಇದೆ. ಅಜಾಗರೂಕತೆಯಿಂದ ಹಾರಿಸಿ ಬೇರೆಯವರ ಜೀವಕ್ಕೋ ಆಸ್ತಿಗೋ ಅಪಾಯ ತಂದರೆ ಅದೇ ತಪ್ಪು. ಗೆಳೆಯನಿಗೆ ಕೊಟ್ಟು ಕೆಟ್ಟದ್ದಾದರೆ ಈ ನಿಯಮ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಕಟ್ಟು ಇನ್ನೂ ಬಿಗಿ. ಅಧಿಕಾರ ಇಲ್ಲದವರು ಹಾರಾಟದಲ್ಲಿ ಕಂಟ್ರೋಲ್ ಮುಟ್ಟುವುದೇ ಅಲ್ಲಿ ತಪ್ಪು.

ಹಾಗಾಗಿ ಇನ್ನೊಂದು ದೇಶದ ಪೈಲಟ್ ವಿಡಿಯೋದಲ್ಲಿ ತನ್ನ ತಂಗಿಗೆ ಕೊಟ್ಟಿದ್ದನ್ನು ನೋಡಿ ನೀವೂ ಕೊಡಬೇಡಿ. ನಿಮ್ಮ ಲೈಸೆನ್ಸ್ ಕೊಟ್ಟ ಪ್ರಾಧಿಕಾರದ ನಿಯಮದಲ್ಲಿ "ಕಂಟ್ರೋಲ್ ಬಳಸುವುದು" ಎನ್ನುವ ಭಾಗ ಹುಡುಕಿ. ಬೇಡ ಎಂದಿದ್ದರೆ ಬೇಡ. ಮುಂದಿನ ಹಂತಗಳು ನಿಮಗೆ ಬೇಕಾಗಿಲ್ಲ.

ಹಂತ 2: ವಿಮೆ ಮತ್ತು ವಿಮಾನ ಯಾರದ್ದು ಅನ್ನುವುದು

ಇದನ್ನು ಯಾರೂ ಓದುವುದಿಲ್ಲ. ವಿಮೆ ಪತ್ರದಲ್ಲಿ ಪೈಲಟ್ ಷರತ್ತು ಅಂತ ಒಂದು ಭಾಗ ಇರುತ್ತದೆ. ಯಾರು ಹಾರಿಸಿದರೆ ವಿಮೆ ನಡೆಯುತ್ತದೆ ಎನ್ನುವುದು ಅಲ್ಲಿರುತ್ತದೆ. ಕೆಲವು ಪತ್ರಗಳಲ್ಲಿ ಹೆಸರು ಕೊಟ್ಟ ಪೈಲಟ್‌ಗಳು ಮಾತ್ರ. ಕೆಲವದರಲ್ಲಿ ಇಷ್ಟು ಗಂಟೆ ಅನುಭವ ಇರಬೇಕು ಎಂದಿರುತ್ತದೆ. ಗೆಳೆಯನ ಕೈಯಲ್ಲಿದ್ದಾಗ ವಿಮಾನಕ್ಕೆ ಪೆಟ್ಟಾದರೆ ದುಡ್ಡು ಬರುತ್ತದಾ ಅಂತ ವಿಮೆಯವರನ್ನು ಬರಹದಲ್ಲೇ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

ಕ್ಲಬ್ಬಿನ ವಿಮಾನ ಆಗಿದ್ದರೆ ಅವರ ನಿಯಮ ಪುಸ್ತಕವನ್ನೂ ನೋಡಿ. ಕಾನೂನು ಬಿಟ್ಟರೂ ಕ್ಲಬ್ ಬಿಡದೆ ಇರಬಹುದು.

ಹಂತ 3: ಪಕ್ಕದಲ್ಲಿ ಕೂರುವ ಗೆಳೆಯ ಯಾರು?

ಗೊಂದಲ ಜಾಸ್ತಿ ಇರುವುದು ಇಲ್ಲೇ. ಗೆಳೆಯರಲ್ಲಿ ನಾಲ್ಕು ಬಗೆ.

ಲೈಸೆನ್ಸ್ ಇಲ್ಲದ ಗೆಳೆಯ. ಇವನು ಪ್ರಯಾಣಿಕ. ಕಂಟ್ರೋಲ್ ಹಿಡಿದಾಗಲೂ ಪ್ರಯಾಣಿಕನೇ. ಪ್ರಯಾಣಿಕರನ್ನು ಕೂರಿಸಿಕೊಳ್ಳುವ ಅರ್ಹತೆ ಮೊದಲು ನಿಮಗಿರಬೇಕು. ಅಮೆರಿಕದಲ್ಲೂ ಯುರೋಪಿನಲ್ಲೂ ಹಿಂದಿನ 90 ದಿನಗಳಲ್ಲಿ ಕನಿಷ್ಠ 3 ಸಲ ಟೇಕಾಫ್, 3 ಸಲ ಲ್ಯಾಂಡಿಂಗ್ ಮಾಡಿರಬೇಕು. ಇನ್ನೊಂದು ಎಚ್ಚರಿಕೆ: ನೀವು ಇನ್‌ಸ್ಟ್ರಕ್ಟರ್ ಅಲ್ಲ. "ಬಾ, ನಾನೇ ಕಲಿಸ್ತೀನಿ" ಅಂತ ಹೇಳಿ ದುಡ್ಡು ತಗೊಂಡರೆ ನೀವು ಬೇರೆಯೇ ತೊಂದರೆಗೆ ಸಿಕ್ಕಿಬಿದ್ದಿರಿ. ಅಮೆರಿಕದ 61.113ರ ಪ್ರಕಾರ ಖಾಸಗಿ ಪೈಲಟ್ ಇಂಧನ, ಆಯಿಲ್, ಏರ್‌ಪೋರ್ಟ್ ಖರ್ಚು, ವಿಮಾನದ ಬಾಡಿಗೆ ಇಷ್ಟನ್ನು ಮಾತ್ರ ಹಂಚಿಕೊಳ್ಳಬಹುದು. ತನ್ನ ಪಾಲನ್ನು ತಾನೇ ಹಾಕಬೇಕು.

ಲೈಸೆನ್ಸ್ ಇರುವ ಗೆಳೆಯ. ಇಬ್ಬರೂ ಪೈಲಟ್‌ಗಳು, ಇಬ್ಬರೂ ಆರಾಮ. ಅಪಾಯ ಇರುವುದೇ ಆ ಆರಾಮದಲ್ಲಿ. ಏನಾದರೂ ಕೆಟ್ಟಾಗ ಇವನು ನೋಡಿಕೊಳ್ಳುತ್ತಾನೆ ಅಂತ ಅವನು, ಅವನು ನೋಡಿಕೊಳ್ಳುತ್ತಾನೆ ಅಂತ ಇವನು ಸುಮ್ನೆ ಕೂರುತ್ತಾರೆ. ಎಂಜಿನ್ ಶುರು ಮಾಡುವ ಮುಂಚೆಯೇ ಬಾಯಿಬಿಟ್ಟು ಹೇಳಿ: "ಇವತ್ತು ಪಿಐಸಿ ನಾನು." ಎಂಜಿನ್ ನಿಂತರೆ ಯಾರು ಹಾರಿಸಬೇಕು, ಯಾರು ರೇಡಿಯೋದಲ್ಲಿ ಮಾತಾಡಬೇಕು ಅನ್ನುವುದೂ ಆಗಲೇ ತೀರ್ಮಾನ ಆಗಲಿ.

ಹಿಂದೆ ಪೈಲಟ್ ಆಗಿದ್ದ ಗೆಳೆಯ. ವೈದ್ಯಕೀಯ ಪ್ರಮಾಣಪತ್ರದ ಅವಧಿ ಮುಗಿದಿದೆ, ಹಾರಿ ವರ್ಷಗಳಾಗಿವೆ. ಕೈಗೆ ಅಭ್ಯಾಸ ಇದೆ, ಆದರೆ ಪಿಐಸಿ ಆಗುವ ಹಕ್ಕಿಲ್ಲ. ನನ್ನ ಅನುಭವದಲ್ಲಿ ಹೆಚ್ಚು ಎಚ್ಚರ ಬೇಕಾಗಿರುವುದು ಇವರ ಜೊತೆಗೇ. ಕೈ ಹಳೆಯ ವಿಮಾನದ ಲೆಕ್ಕದಲ್ಲಿ ಓಡುತ್ತದೆ. ಎದುರಿಗಿರುವ ವಿಮಾನ ಬೇರೆಯದು.

ಇನ್‌ಸ್ಟ್ರಕ್ಟರ್ ಗೆಳೆಯ. ಅವರು ಕೂತ ಕೂಡಲೇ ಹೊಣೆ ಅವರದ್ದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸುಮ್ನೆ ಊಹೆ ಮಾಡಬೇಡಿ. ಇವತ್ತು ಪಾಠವಾ, ತಿರುಗಾಟವಾ, ಪಿಐಸಿ ಯಾರು, ಕೇಳಿ ತಿಳಿದುಕೊಳ್ಳಿ.

ಹಂತ 4: ವಿಮಾನ ಇದಕ್ಕೆ ಸರಿಯಾ?

ಎರಡೂ ಕಡೆ ಕೆಲಸ ಮಾಡುವ ಯೋಕ್ ಅಥವಾ ಸ್ಟಿಕ್, ಎರಡೂ ಕಡೆ ರಡ್ಡರ್ ಪೆಡಲ್ ಇರಲೇಬೇಕು. ಯೋಕ್ ಎಂದರೆ ಸ್ಟೀರಿಂಗ್ ತರಹದ ಹಿಡಿ. ರಡ್ಡರ್ ಪೆಡಲ್ ಎಂದರೆ ವಿಮಾನದ ಮೂತಿಯನ್ನು ಎಡಕ್ಕೂ ಬಲಕ್ಕೂ ತಿರುಗಿಸುವ ಕಾಲಿನ ಪೆಡಲ್. ಹಳೆಯ ಕೆಲವು ಬೀಚ್ ಬೊನಾಂಜಾ ವಿಮಾನಗಳಲ್ಲಿ ಒಂದೇ ಯೋಕ್ ಇರುತ್ತದೆ, ಅದನ್ನು ಆ ಕಡೆಯಿಂದ ಈ ಕಡೆಗೆ ಹೊರಳಿಸಬೇಕು. ಅಂಥದ್ದರಲ್ಲಿ ಗೆಳೆಯನ ಕಡೆಗೆ ಹೊರಳಿಸಿದರೆ ನಿಮ್ಮ ಕೈ ಖಾಲಿ. ಅದರಲ್ಲಿ ಬೇಡವೇ ಬೇಡ.

ಗೆಳೆಯ ಎಡ ಸೀಟು ಕೇಳುತ್ತಾನೆ, ಫೋಟೋ ಚೆನ್ನಾಗಿ ಬರುತ್ತೆ ಅಂತ. ಕೊಡಬೇಡಿ. ಮುಖ್ಯ ಮೀಟರ್‌ಗಳು ಎಡಗಡೆ ಇರುತ್ತವೆ. ಕೆಲವು ಸಣ್ಣ ವಿಮಾನಗಳಲ್ಲಿ ಬಲಗಡೆ ಬ್ರೇಕೇ ಇರುವುದಿಲ್ಲ. ಬಲ ಸೀಟಿನಿಂದ ಇಳಿಸುವುದನ್ನು ನೀವು ಕಲಿತಿಲ್ಲದಿದ್ದರೆ ಅದನ್ನು ಕಲಿಯುವ ದಿನ ಇದಲ್ಲ.

ಹಿಂದಿನ ಸೀಟಲ್ಲಿ ಬೇರೆಯವರು ಕೂತಿದ್ದರೆ ನಾನು ಯಾರ ಕೈಗೂ ಕೊಡುವುದಿಲ್ಲ. ಒಂದು ಕಾರಣ, ಅವರು ಬಂದಿರುವುದು ನಿಮ್ಮನ್ನು ನಂಬಿ. ಇನ್ನೊಂದು, ಹಿಂದೆ ಭಾರ ಬಿದ್ದಷ್ಟೂ ಮೂತಿ ಹಗುರಾಗುತ್ತದೆ. ಸ್ವಲ್ಪ ಎಳೆದರೂ ಜಾಸ್ತಿ ಏಳುತ್ತದೆ. ಹೊಸ ಕೈಗೆ ಅದು ಕಷ್ಟ.

ಹಂತ 5: ನೆಲದ ಮೇಲಿರುವಾಗಲೇ ಮಾತು ಮುಗಿಸಿ

ಎಂಜಿನ್ ಶಬ್ದದಲ್ಲಿ ಪಾಠ ಹೇಳೋಕಾಗಲ್ಲ. ಕೆಳಗೇ ಹತ್ತು ನಿಮಿಷ ಕೊಡಿ.

ಮೊದಲು ಸೀಟು. ಸಣ್ಣ ವಿಮಾನದ ಸೀಟು ಹಳಿಯ ಮೇಲೆ ಹಿಂದೆ ಮುಂದೆ ಓಡುತ್ತದೆ. ಒಂದು ಪಿನ್ ಹಳಿಯ ತೂತಿಗೆ ಬಿದ್ದು ಅದನ್ನು ಹಿಡಿದಿರುತ್ತದೆ. ತೂತು ಸವೆದಿದ್ದರೆ ಅಥವಾ ಪಿನ್ ಪೂರ್ತಿ ಬಿದ್ದಿಲ್ಲದಿದ್ದರೆ, ಟೇಕಾಫ್ ಹೊತ್ತಿಗೆ ಸೀಟು ಜರ್ರನೆ ಹಿಂದಕ್ಕೆ ಹೋಗುತ್ತದೆ. ಕೂತವರು ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ. ಸಿಗುವುದು ಯೋಕ್. ಮೂತಿ ನೆಟ್ಟಗೆ ಮೇಲೆ. ಸೆಸ್ನಾ ವಿಮಾನಗಳಲ್ಲಿ ಹೀಗಾಗಿ ಅಪಘಾತಗಳು ಆಗಿವೆ. ಸೀಟಿನ ಹಳಿ ಪರೀಕ್ಷೆ ಮಾಡಲೇಬೇಕು ಅಂತ ಅಮೆರಿಕದ ವಿಮಾನಯಾನ ಪ್ರಾಧಿಕಾರ ಎಫ್‌ಎಎ ಆದೇಶವನ್ನೇ ಹೊರಡಿಸಿದೆ. ಗೆಳೆಯ ಸೀಟು ಸರಿ ಮಾಡಿಕೊಂಡಾಗ ಟಕ್ ಅನ್ನುವ ಸದ್ದು ಕೇಳಿಸಿಕೊಳ್ಳಿ. ಆಮೇಲೆ ಕೈ ಹಾಕಿ ಹಿಂದೆ ಮುಂದೆ ತಳ್ಳಿ ನೋಡಿ. ಕಂಟ್ರೋಲ್ ಕೊಡುವ ಯೋಚನೆ ಇಲ್ಲದಿದ್ದರೂ ಇಷ್ಟನ್ನು ಮಾಡಿ.

ಆಮೇಲೆ ಗೆಳೆಯನ ಮೈಮೇಲಿರುವ ಸಾಮಾನು. ಕೊರಳಿಗೆ ನೇತುಹಾಕಿದ ಕ್ಯಾಮೆರಾ, ತೊಡೆಯ ಮೇಲಿನ ಫೋನು, ಉದ್ದದ ಶಾಲು. ಯೋಕ್ ಹಿಂದಕ್ಕೆ ಬರಬೇಕಾದ ಜಾಗದಲ್ಲಿ ಇವು ಇರಕೂಡದು. ಫೋನು ಜಾರಿ ಪೆಡಲ್ ಕೆಳಗೆ ಹೋದರೆ ತೆಗೆಯಲು ಬಗ್ಗೋಕೂ ಆಗಲ್ಲ.

ಕೊನೆಗೆ ಮಾತಿನ ಒಪ್ಪಂದ. ಪೈಲಟ್‌ಗಳ ನಡುವೆ "ಯು ಹ್ಯಾವ್ ಕಂಟ್ರೋಲ್", "ಐ ಹ್ಯಾವ್ ಕಂಟ್ರೋಲ್" ನಡೆಯುತ್ತದೆ. ಪೈಲಟ್ ಅಲ್ಲದ ಗೆಳೆಯನಿಗೆ ಗಾಬರಿಯಲ್ಲಿ ಬೇಗ ತಲೆಗೆ ಹೋಗುವುದು ಮನೆಮಾತು. ಹಾಗಂತ "ಕಂಟ್ರೋಲ್ ನನ್ನದು", "ಕಂಟ್ರೋಲ್ ನಿನ್ನದು" ಅಂತ ಇಟ್ಟುಕೊಳ್ಳಬೇಡಿ. ಹೆಡ್‌ಸೆಟ್ಟಿನ ಗರಗರ ಸದ್ದಿನಲ್ಲಿ "ನನ್ನದು" ಮತ್ತು "ನಿನ್ನದು" ಒಂದೇ ಥರ ಕೇಳುತ್ತವೆ. ನಾನು ಬಳಸುವುದು ಎರಡೇ ಮಾತು: "ತಗೋ" ಮತ್ತು "ಬಿಡು". ಅವನ ಉತ್ತರವೂ ಎರಡೇ: "ತಗೊಂಡೆ", "ಬಿಟ್ಟೆ". "ಬಿಡು" ಅಂದ ತಕ್ಷಣ ಕೈ ತೊಡೆಯ ಮೇಲೆ, ಕಾಲು ಹಿಂದಕ್ಕೆ. ಯಾಕೆ ಅಂತ ಆಮೇಲೆ ಕೇಳಲಿ. ನೆಲದ ಮೇಲೇ ನಾಲ್ಕೈದು ಸಲ ಆಡಿಸಿ.

ಹಂತ 6: ಎಲ್ಲಿ, ಯಾವಾಗ

ಟೇಕಾಫ್, ಲ್ಯಾಂಡಿಂಗ್, ಏರ್‌ಪೋರ್ಟ್ ಸುತ್ತಲಿನ ಸರ್ಕ್ಯೂಟ್, ಇವುಗಳಲ್ಲಿ ಬೇಡ. ಕೆಳಮಟ್ಟದಲ್ಲಿ ಬೇಡ. ನೆಲದಿಂದ ಕನಿಷ್ಠ 3,000 ಅಡಿ ಎನ್ನುವುದು ನನ್ನ ಸ್ವಂತ ಗೆರೆ. ಇದು ಕಾನೂನಲ್ಲ. ಎಡವಟ್ಟಾದಾಗ ಗುರುತಿಸಿ, ವಾಪಸ್ ಪಡೆದು, ಸರಿ ಮಾಡಲು ಬೇಕಾದ ಎತ್ತರ ಅದು. ಬೆಳಗಿನ ತಣ್ಣನೆ ಗಾಳಿ, ಕ್ಷಿತಿಜ ಸ್ಪಷ್ಟವಾಗಿ ಕಾಣುವ ದಿನ ಆರಿಸಿಕೊಳ್ಳಿ. ನಿಯಂತ್ರಿತ ವಾಯುಪ್ರದೇಶದ (ಏರ್ ಟ್ರಾಫಿಕ್ ಕಂಟ್ರೋಲ್ ಹಿಡಿತದಲ್ಲಿರುವ ಆಕಾಶದ ಭಾಗ) ಗಡಿಯಿಂದ ದೂರ ಇರಿ. ಎತ್ತರ 200 ಅಡಿ ತಪ್ಪಿ ಗಡಿಯೊಳಗೆ ನುಗ್ಗಿದರೆ "ಗೆಳೆಯ ಹಿಡಿದಿದ್ದ" ಅನ್ನುವುದು ಉತ್ತರ ಆಗುವುದಿಲ್ಲ.

ಹಂತ 7: ಕೊಡುವುದು

ಆಟೋಪೈಲಟ್ ಇದ್ದರೆ ಮೊದಲು ಆಫ್ ಮಾಡಿ. "ಆಟೋಪೈಲಟ್ ಹಿಡಿದಿರಲಿ, ಅವನು ಸುಮ್ನೆ ಕೈ ಇಟ್ಟುಕೊಳ್ಳಲಿ" ಅನ್ನುವುದು ಸುರಕ್ಷಿತ ಅನ್ನಿಸುತ್ತದೆ, ಅಲ್ವಾ? ಆದರೆ ಅದು ಸುರಕ್ಷಿತ ಅಲ್ಲ. 1994ರ ಮಾರ್ಚ್ 23ರಂದು ಮಾಸ್ಕೋದಿಂದ ಹಾಂಗ್‌ಕಾಂಗ್‌ಗೆ ಹೊರಟಿದ್ದ ಏರೋಫ್ಲಾಟ್ 593ರಲ್ಲಿ ಆಗಿದ್ದು ಇದೇ. ಅದು ಏರ್‌ಬಸ್ ಎ310. ಆಟೋಪೈಲಟ್ ಆನ್ ಇತ್ತು. ಒಬ್ಬ ಪೈಲಟ್ ತನ್ನ ಮಕ್ಕಳನ್ನು ಸೀಟಿನಲ್ಲಿ ಕೂರಿಸಿದರು. ಮಗ ಯೋಕನ್ನು ಆಟೋಪೈಲಟ್‌ಗೆ ಎದುರಾಗಿ ಸುಮಾರು ಅರ್ಧ ನಿಮಿಷ ಒತ್ತಿ ಹಿಡಿದ. ಆಟೋಪೈಲಟ್ ರೆಕ್ಕೆಗಳ ಹಿಡಿತವನ್ನಷ್ಟೇ ಬಿಟ್ಟುಕೊಟ್ಟಿತು, ಉಳಿದದ್ದನ್ನು ಹಿಡಿದೇ ಇತ್ತು. ಒಂದು ದೀಪ ಹತ್ತಿತು, ಸದ್ದು ಬರಲಿಲ್ಲ. ಯಾರೂ ಗಮನಿಸಲಿಲ್ಲ. ವಿಮಾನ ನಿಧಾನಕ್ಕೆ ವಾಲುತ್ತಾ ಹೋಗಿ ಕೈಮೀರಿತು. ಅದರಲ್ಲಿದ್ದ 75 ಜನರೂ ಸತ್ತರು.

ಸಣ್ಣ ವಿಮಾನದಲ್ಲಿ ಅಪಾಯ ಇನ್ನೊಂದು ರೂಪದಲ್ಲಿ ಬರುತ್ತದೆ. ಗೆಳೆಯ ಯೋಕನ್ನು ಮುಂದಕ್ಕೆ ಒತ್ತಿ ಹಿಡಿದರೆ, ಕೆಲವು ಆಟೋಪೈಲಟ್‌ಗಳು ಅದಕ್ಕೆ ಎದುರಾಗಿ ಮೂತಿ ಏರುವ ಕಡೆಗೆ ಟ್ರಿಮ್ ತಿರುಗಿಸುತ್ತಲೇ ಹೋಗುತ್ತವೆ. ಟ್ರಿಮ್ ಎಂದರೆ ಕೈ ಬಿಟ್ಟರೂ ವಿಮಾನ ಹಾಗೇ ಸಮನಾಗಿ ಹೋಗುವಂತೆ ಹೊಂದಿಸುವ ಚಕ್ರ. ಆಮೇಲೆ ಆಟೋಪೈಲಟ್ ಕಳಚಿಕೊಂಡಾಗ ಮೂತಿ ಒಮ್ಮೆಲೇ ಜಿಗಿಯುತ್ತದೆ.

ಹಾಗಾಗಿ ಕ್ರಮ ಹೀಗಿರಲಿ. ಆಟೋಪೈಲಟ್ ಆಫ್. ನೇರ, ಸಮನಾದ ಹಾರಾಟ. ಟ್ರಿಮ್ ಮಾಡಿ, ನಿಮ್ಮ ಕೈ ಬಿಟ್ಟು ಹತ್ತು ಸೆಕೆಂಡ್ ನೋಡಿ. ವಿಮಾನ ತಾನಾಗೇ ಹೋಗುತ್ತಿದ್ದರೆ "ತಗೋ" ಅನ್ನಿ. "ತಗೊಂಡೆ" ಎಂದ ಮೇಲೂ ಅವನ ಕೈಯನ್ನು ಕಣ್ಣಲ್ಲಿ ನೋಡಿ, "ಸರಿ, ನೀನೇ ಹಿಡಿದಿದ್ದೀಯ" ಎಂದು ಹೇಳಿ ನಿಮ್ಮ ಕೈ ತೆಗೆಯಿರಿ. ತೆಗೆದ ಕೈ ಯೋಕ್‌ನಿಂದ ಒಂದು ಗೇಣು ದೂರದಲ್ಲೇ ಇರಲಿ. ಥ್ರಾಟಲ್ (ಎಂಜಿನ್ ಶಕ್ತಿ ಏರಿಳಿಸುವ ಹಿಡಿ), ರೇಡಿಯೋ, ಪೆಡಲ್ ನಿಮ್ಮವೇ.

ಮೊದಲ ಕೆಲಸ ಒಂದೇ ಸಾಕು. ದೂರದ ಒಂದು ಬೆಟ್ಟವನ್ನೋ ಮೋಡವನ್ನೋ ತೋರಿಸಿ, ಅದರ ಕಡೆಗೆ ಹೋಗಲಿ. ಹೊಸಬರೆಲ್ಲ ಮೀಟರ್ ನೋಡಿ ಹಾರಿಸಲು ಹೋಗುತ್ತಾರೆ. ಮುಳ್ಳು ಅಲ್ಲಾಡುವುದು ತಡವಾಗಿ. ಅದನ್ನು ಬೆನ್ನಟ್ಟಿ ಮೇಲೆ ಕೆಳಗೆ, ಮೇಲೆ ಕೆಳಗೆ. "ಹೊರಗೆ ನೋಡು, ಎರಡು ಬೆರಳಲ್ಲಿ ಹಿಡಿ" ಅನ್ನಿ. ಸರಿಹೋದರೆ ಹಗುರವಾದ ತಿರುವು, 15 ಇಲ್ಲವೇ 20 ಡಿಗ್ರಿ. 30 ದಾಟಲು ಬಿಡಬೇಡಿ.

ಕಾರಣ ಇದೆ. ಎತ್ತರ ಬಿಡದೆ 30 ಡಿಗ್ರಿ ವಾಲಿದರೆ ಸ್ಟಾಲ್ ವೇಗ ಸುಮಾರು ನೂರಕ್ಕೆ 7 ಏರುತ್ತದೆ. 45 ಡಿಗ್ರಿಗೆ ಸುಮಾರು 19, 60 ಡಿಗ್ರಿಗೆ 41. ಸ್ಟಾಲ್ ಎಂದರೆ ಎಂಜಿನ್ ನಿಲ್ಲುವುದಲ್ಲ. ರೆಕ್ಕೆಗೆ ವಿಮಾನವನ್ನು ಎತ್ತಿ ಹಿಡಿಯಲು ಆಗದೆ ಹೋಗುವುದು. ಗೆಳೆಯ ಜಾಸ್ತಿ ವಾಲಿಸಿ, ಮೂತಿ ಇಳಿಯಿತೆಂದು ಎಳೆದರೆ ವಿಮಾನ ಸುರುಳಿಯಾಗಿ ಇಳಿಯತೊಡಗುತ್ತದೆ. ಎಳೆದಷ್ಟೂ ಸುರುಳಿ ಬಿಗಿ. ಕಂಟ್ರೋಲ್ ವಾಪಸ್ ತಗೊಂಡು ಮೊದಲು ಥ್ರಾಟಲ್ ಇಳಿಸಿ. ಆಮೇಲೆ ರೆಕ್ಕೆ ಸಮ ಮಾಡಿ. ಕೊನೆಗೆ ಮೆಲ್ಲಗೆ ಎಳೆಯಿರಿ. ಈ ಕ್ರಮ ತಪ್ಪಬಾರದು.

ಇಷ್ಟೆಲ್ಲ ಹೊತ್ತು ನಿಮ್ಮ ಕಣ್ಣು ಗೆಳೆಯನ ಮೇಲೇ ನೆಟ್ಟಿದ್ದರೆ ಬೇರೆ ವಿಮಾನ ನೋಡುವವರು ಯಾರು? ಹೊರಗೊಮ್ಮೆ, ಕೈಯ ಕಡೆಗೊಮ್ಮೆ. ಅವನ ಬೆರಳ ಗೆಣ್ಣುಗಳನ್ನು ನೋಡುತ್ತಿರಿ. ಗೆಣ್ಣು ಬೆಳ್ಳಗಾಗುತ್ತಾ ಬಂದರೆ ಅವನು ಹೆದರಿದ್ದಾನೆ. ಬಾಯಲ್ಲಿ "ಚೆನ್ನಾಗಿದೆ" ಅಂತಲೇ ಹೇಳುತ್ತಿರುತ್ತಾನೆ. ನಂಬಬೇಡಿ. ವಾಪಸ್ ತಗೊಳ್ಳುವ ಹೊತ್ತು ಅದೇ.

ಹಂತ 8: ವಾಪಸ್ ಪಡೆಯುವುದು

"ಬಿಡು." "ಬಿಟ್ಟೆ." "ನಾನು ಹಿಡಿದೆ." ಇಷ್ಟೇ. ಸಂಕೋಚ ಬೇಡ. ಅವನಿಗೆ ಬೇಜಾರಾಗುತ್ತೆ ಅಂತ ಎರಡು ಸೆಕೆಂಡ್ ಕಾಯುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ಬಿಡದೆ ಮರಗಟ್ಟಿ ಕೂತರೆ? ಗಾಬರಿಯಾದವರಿಗೆ "ಬಿಡು" ಕೇಳಿಸದೆ ಇರಬಹುದು. ಆಗ ಕೈಗೆ ಬೇರೆ ಕೆಲಸ ಕೊಡಿ. "ಎರಡೂ ಕೈ ತಲೆ ಮೇಲಿಡು" ಅಂತ ಜೋರಾಗಿ ಹೇಳಿ. ಬಲವಾದ ಆಳು ಯೋಕನ್ನು ಅಪ್ಪಿ ಹಿಡಿದರೆ ಪಕ್ಕದ ಸೀಟಿನಿಂದ ಕಿತ್ತುಕೊಳ್ಳುವುದು ಸುಲಭವಲ್ಲ. ಅದಕ್ಕೇ ಟೇಕಾಫ್ ಹೊತ್ತಿನಲ್ಲೇ ಬೆವರುತ್ತಿದ್ದವನಿಗೆ, ಮದ್ಯ ಕುಡಿದು ಬಂದವನಿಗೆ ಕೊಡಲೇಬಾರದು. ಕುಡಿದವನನ್ನು ವಿಮಾನಕ್ಕೆ ಹತ್ತಿಸುವುದೇ ತಪ್ಪು.

ಕಾಲನ್ನು ಮರೆಯಬೇಡಿ. ಒಮ್ಮೆ ಇಳಿಯುವ ಹೊತ್ತಿಗೆ ನನ್ನ ಪೆಡಲ್ ಗಟ್ಟಿಯಾದಂತೆ ಅನ್ನಿಸಿತು. ಬಗ್ಗಿ ನೋಡಿದರೆ ಗೆಳೆಯನ ಬೂಟು ಇನ್ನೂ ಅವನ ಕಡೆಯ ಪೆಡಲ್ ಮೇಲೇ ಇತ್ತು. ಕೈ ಬಿಟ್ಟಿದ್ದ, ಕಾಲು ಬಿಟ್ಟಿರಲಿಲ್ಲ. ಪೆಡಲ್‌ನ ಮೇಲ್ತುದಿ ಬ್ರೇಕ್. ಹಾಗೇ ಚಕ್ರ ನೆಲ ಮುಟ್ಟಿದ್ದರೆ ವಿಮಾನ ರನ್‌ವೇಯಿಂದ ಪಕ್ಕಕ್ಕೆ ಎಳೆಯುತ್ತಿತ್ತು. ಅಂದಿನಿಂದ ಇಳಿಯುವ ಮುಂಚಿನ ಪಟ್ಟಿಗೆ "ಗೆಳೆಯನ ಕಾಲು ನೆಲದ ಮೇಲೆ" ಅಂತ ಒಂದು ಸಾಲು ಸೇರಿಸಿಕೊಂಡಿದ್ದೇನೆ.

ಹಂತ 9: ಲಾಗ್‌ಬುಕ್

ಲಾಗ್‌ಬುಕ್ ಎಂದರೆ ಹಾರಿದ ಸಮಯ ಬರೆದಿಡುವ ಪುಸ್ತಕ. ನಿಮ್ಮ ಜೊತೆ ಹಾರಿದ್ದಕ್ಕೆ ಲೈಸೆನ್ಸ್ ಇಲ್ಲದ ಗೆಳೆಯ ಏನೂ ಬರೆದುಕೊಳ್ಳುವಂತಿಲ್ಲ. ಅಮೆರಿಕದ 61.51ರ ಪ್ರಕಾರ ಖಾಸಗಿ ಪೈಲಟ್ ಸಾಮಾನ್ಯವಾಗಿ ಪಿಐಸಿ ಸಮಯ ಬರೆಯುವುದು ಕಂಟ್ರೋಲ್ ತನ್ನೊಬ್ಬನ ಕೈಯಲ್ಲೇ ಇದ್ದಾಗ. ಹಾಗಾಗಿ ಗೆಳೆಯ ಹಿಡಿದಿದ್ದ ನಿಮಿಷಗಳನ್ನು ಬಿಟ್ಟು ಬರೆಯಿರಿ. ಗೆಳೆಯ ಆ ವಿಮಾನಕ್ಕೆ ಅರ್ಹತೆ ಇರುವ ಪೈಲಟ್ ಆಗಿದ್ದರೆ, ತಾನು ಹಾರಿಸಿದ ಹೊತ್ತನ್ನು ಅಲ್ಲಿ ಪಿಐಸಿ ಸಮಯವಾಗಿ ಬರೆಯಬಹುದು. ಇಲ್ಲೇ ಬಹಳ ಜನ ಎಡವುತ್ತಾರೆ. ಅವನ ಪುಸ್ತಕದಲ್ಲಿ ಪಿಐಸಿ ಅಂತ ಬಂದ ಮಾತ್ರಕ್ಕೆ ಹೊಣೆ ಅವನದ್ದಾಗುವುದಿಲ್ಲ. ಬರೆದುಕೊಳ್ಳುವುದು ಬೇರೆ, ಆಗಿರುವುದು ಬೇರೆ. ಎಂಜಿನ್ ಶುರು ಮಾಡುವ ಮುಂಚೆ "ಇವತ್ತು ನಾನು" ಎಂದವರು ಯಾರೋ ಅವರೇ ಪಿಐಸಿ.

ಮೇಲೆ ವೇಗದ ಮಿತಿ ದಾಟಿದ್ದರೆ, ಜೋರಾಗಿ ಎಳೆದಿದ್ದರೆ, ನಾಚಿಕೆ ಪಡದೆ ವಿಮಾನದ ದೋಷ ಪುಸ್ತಕದಲ್ಲಿ ಬರೆದು ಎಂಜಿನಿಯರ್‌ಗೆ ಹೇಳಿ. ನಾಳೆ ಅದೇ ವಿಮಾನದಲ್ಲಿ ಇನ್ನೊಬ್ಬರು ಹಾರುತ್ತಾರೆ.

ಇಳಿದ ಮೇಲೆ ಗೆಳೆಯ "ಮತ್ತೆ ಯಾವಾಗ?" ಅಂತ ಕೇಳಿದರೆ ಅವನನ್ನು ಒಬ್ಬ ಇನ್‌ಸ್ಟ್ರಕ್ಟರ್ ಹತ್ತಿರ ಕರ್ಕೊಂಡು ಹೋಗಿ ಒಂದು ಪರಿಚಯ ಪಾಠ ಬುಕ್ ಮಾಡಿಸಿ. ಅಲ್ಲಿ ಅವನು ಹಿಡಿದ ಪ್ರತಿ ನಿಮಿಷವನ್ನೂ ಇನ್‌ಸ್ಟ್ರಕ್ಟರ್ ಸಹಿ ಹಾಕಿ ಅವನದೇ ಲಾಗ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆದುಕೊಡುತ್ತಾರೆ.